ವೆಲ್ಡಿಂಗ್ ಜನರೇಟರ್ ಓಡುತ್ತದೆ, ಕಿಡಿ ಮಾತ್ರ ಇಲ್ಲ: ರಿವೈಂಡಿಂಗ್‌ಗೆ ಕೊಡಲೇಬೇಕೇ?

ಮುದಗಾ ದಕ್ಕೆ
ಎಲ್ಲರಿಗೂ ನಮಸ್ಕಾರ. ನನ್ನಲ್ಲಿ ಎರಡು ಸಿಲಿಂಡರಿನ ಡೀಸೆಲ್ ಎಂಜಿನ್ ಇರುವ ವೆಲ್ಡಿಂಗ್ ಜನರೇಟರ್ ಇದೆ. 1500 ಆರ್‌ಪಿಎಂ, ತಿರುಗುವ ಕಾಯಿಲಿಗೆ ಕರೆಂಟ್ ಮುಟ್ಟಿಸಲು ಬ್ರಶ್ (ಇಂಗಾಲದ ತುಂಡು) ಮತ್ತು ಸ್ಲಿಪ್ ರಿಂಗ್ (ಬ್ರಶ್ ತಾಗುವ ಲೋಹದ ಬಳೆ) ಇರುವ ಹಳೆಯ ಮಾದರಿ. ವೆಲ್ಡಿಂಗ್‌ಗೆ ಡಿಸಿ ಕೊಡುತ್ತದೆ, ಗ್ರೈಂಡರ್ ಹಾಕಲು 230 ವೋಲ್ಟಿನ ಸಾಕೆಟ್ ಬೇರೆ ಇದೆ. ಚಳಿಗಾಲದಲ್ಲಿ ಗೇಟಿನ ಕೆಲಸ ಮುಗಿಸಿದ ಮೇಲೆ ಟಾರ್ಪಾಲು ಹೊದಿಸಿ ಷೆಡ್ಡಿನಲ್ಲಿ ಇಟ್ಟಿದ್ದೆ. ಷೆಡ್ಡಿಗೂ ಸಮುದ್ರಕ್ಕೂ ನಡುವೆ ಒಂದು ತೆಂಗಿನ ಸಾಲು ಬಿಟ್ಟರೆ ಬೇರೇನೂ ಇಲ್ಲ.

ಈಗ ಟ್ರಾಲಿಂಗ್ ನಿಷೇಧದ ಸಮಯ. ಬೋಟುಗಳೆಲ್ಲ ದಡದಲ್ಲಿವೆ, ಜುಲೈ 31ರೊಳಗೆ ರಿಪೇರಿ ಮುಗಿಸಿಕೊಡಬೇಕು. ಎಂಜಿನ್ ಸಲೀಸಾಗಿ ಚಾಲೂ ಆಯಿತು, ಸದ್ದೂ ಚೆನ್ನಾಗಿದೆ. ಆದರೆ ರಾಡ್ ತಾಗಿಸಿದರೆ ಕಿಡಿ ಇಲ್ಲ. ಸಾಕೆಟ್ಟಿಗೆ ಬಲ್ಬ್ ಹಾಕಿದರೆ ಅದೂ ಉರಿಯುವುದಿಲ್ಲ. ಒಂದು ರಿವೈಂಡಿಂಗ್ (ಕಾಯಿಲ್ ಹೊಸದಾಗಿ ಸುತ್ತುವ) ಅಂಗಡಿಯವರು ಬಂದು, ಮುಚ್ಚಳವನ್ನೂ ತೆರೆಯದೆ “ಕಾಯಿಲ್ ಸುಟ್ಟಿದೆ, ತಾಮ್ರ ಪೂರ್ತಿ ಬದಲಿಸಬೇಕು” ಎಂದರು. ಸುಟ್ಟ ವಾಸನೆ ನನಗಂತೂ ಬಂದಿಲ್ಲ. ಏನು ಮಾಡಲಿ?

ಬೈತಖೋಲ ಮೇಸ್ತ್ರಿ
ಕೊಡಬೇಡ ತಮ್ಮ. ಮೊದಲು ಬ್ರಶ್ ನೋಡು.

ಭಟ್ಕಳ ಫ್ಯಾಬ್ರಿಕೇಶನ್
ರೆಸಿಡ್ಯುಯಲ್ (ಕಬ್ಬಿಣದಲ್ಲಿ ಉಳಿದಿರುವ ಕಾಂತತ್ವ) ಹೋಗಿದೆ, ಅಷ್ಟೇ. ತಿಂಗಳುಗಟ್ಟಲೆ ನಿಂತ ಯಂತ್ರಗಳಲ್ಲಿ ಇದು ಮಾಮೂಲು. ಬ್ಯಾಟರಿಯಿಂದ ಒಂದು ಸಲ ಕರೆಂಟ್ ಕೊಡಿ, ಎದ್ದು ಕೂರುತ್ತದೆ.

ಅಂಕೋಲಾ ಐಟಿಐ
ಬ್ಯಾಟರಿ ಹಿಡಿದುಕೊಂಡು ಓಡುವ ಮೊದಲು ಮೀಟರ್ ಹಿಡಿಯೋಣ. ಮುದಗಾದವರು ಒಳ್ಳೆಯ ಸುಳಿವು ಕೊಟ್ಟಿದ್ದಾರೆ: ವೆಲ್ಡಿಂಗೂ ಇಲ್ಲ, ಸಾಕೆಟ್ಟೂ ಇಲ್ಲ. ಎರಡೂ ಒಟ್ಟಿಗೆ ಹೋಗಿವೆ ಎಂದರೆ ದೋಷ ಎರಡಕ್ಕೂ ಸಮಾನವಾದ ಜಾಗದಲ್ಲಿರುವ ಸಂಭವವೇ ಹೆಚ್ಚು. ಆ ಜಾಗ ಎಂದರೆ ತಿರುಗುವ ಭಾಗವಾದ ರೋಟರಿಗೆ ಕರೆಂಟ್ ಹೋಗುವ ದಾರಿ: ಬ್ರಶ್, ಸ್ಲಿಪ್ ರಿಂಗ್, ರೋಟರ್ ಕಾಯಿಲ್, ಎವಿಆರ್ (ವೋಲ್ಟನ್ನು ಹದದಲ್ಲಿಡುವ ಸಾಧನ). ಸಾಕೆಟ್ ಸರಿಯಿದ್ದು ವೆಲ್ಡಿಂಗ್ ಮಾತ್ರ ಹೋಗಿದ್ದರೆ ನಾನು ಡಯೋಡ್ ಬ್ರಿಜ್ (ಎಸಿಯನ್ನು ಡಿಸಿ ಮಾಡುವ ಭಾಗ), ಹಂತ ಬದಲಿಸುವ ಸ್ವಿಚ್, ಕೇಬಲ್ಲಿನ ಲಗ್ (ತುದಿಗೆ ಹಾಕುವ ಲೋಹದ ಕೊಂಡಿ) ಇವುಗಳ ಕಡೆ ನೋಡುತ್ತಿದ್ದೆ. ಈ ಒಂದು ವ್ಯತ್ಯಾಸ ಹಿಡಿದರೆ ಅರ್ಧ ಯಂತ್ರ ಬಿಚ್ಚುವ ಕೆಲಸ ತಪ್ಪುತ್ತದೆ.

ಎಂಜಿನ್ ಪೂರ್ತಿ ವೇಗದಲ್ಲಿ ಓಡುವಾಗ ಸಾಕೆಟ್ಟಿನಲ್ಲಿ ಎಸಿ ವೋಲ್ಟ್ ಅಳೆಯಿರಿ. ಬಲ್ಬ್ ಉರಿಯದಿದ್ದರೂ ಮೀಟರಿನಲ್ಲಿ ಕೆಲವು ವೋಲ್ಟ್ ಕಾಣಿಸಬಹುದು. ಕಂಡರೆ ರೋಟರಿನ ಕಬ್ಬಿಣದಲ್ಲಿ ಕಾಂತತ್ವ ಉಳಿದಿದೆ, ಸಾಕೆಟ್ಟಿನ ಕಡೆಯ ಸ್ಟೇಟರ್ (ತಿರುಗದೆ ನಿಂತಿರುವ ಭಾಗ) ಕಾಯಿಲ್ ಕಡಿದಿಲ್ಲ ಎಂದರ್ಥ. ಸೊನ್ನೆ ಬಂದರೆ ಭಟ್ಕಳದವರ ಮಾತಿಗೆ ಬರೋಣ. ಮೀಟರನ್ನು ಮಾತ್ರ 750 ವೋಲ್ಟ್ ರೇಂಜಿನಿಂದ ಶುರು ಮಾಡಿ ಕೆಳಗಿಳಿಸಿ. ಅಳೆಯುವಾಗಲೇ ಯಂತ್ರ ಎದ್ದರೆ 230 ವೋಲ್ಟ್ ಒಮ್ಮೆಲೇ ಬರುತ್ತದೆ.

ಮುದಗಾ ದಕ್ಕೆ
ಧನ್ಯವಾದ ಸರ್. ಮಳೆ ಸ್ವಲ್ಪ ಹೊಳವಾಗಲಿ, ಸಂಜೆಯೊಳಗೆ ಅಳೆದು ಹೇಳುತ್ತೇನೆ.

ಹಳದೀಪುರ ರಿವೈಂಡಿಂಗ್
ಇಡೀ ಕಸುಬಿನ ಮೇಲೆ ಗೂಬೆ ಕೂರಿಸಬೇಡಿ. ಮುಚ್ಚಳ ತೆರೆಯದೆ ತೀರ್ಪು ಕೊಟ್ಟವರದು ತಪ್ಪು, ಒಪ್ಪುತ್ತೇನೆ. ಆದರೆ ಕರಾವಳಿಯಲ್ಲಿ ಕಾಯಿಲ್ ಸುಡುವುದೇ ಇಲ್ಲ ಎಂದೂ ಅಲ್ಲ. ಸ್ಟೇಟರಿನಲ್ಲಿ ಸುತ್ತುಗಳು ಒಂದಕ್ಕೊಂದು ತಾಗಿ ಶಾರ್ಟ್ ಆಗಿದ್ದರೆ ಯಂತ್ರ ಸುಮ್ಮನಿರುವುದಿಲ್ಲ. ಎಕ್ಸೈಟೇಶನ್ (ರೋಟರಿಗೆ ಹೋಗುವ ಕರೆಂಟ್) ಬಂದೊಡನೆ ಗೊಂಯ್ ಎಂದು ನರಳುತ್ತದೆ, ಲೋಡ್ ಇಲ್ಲದಿದ್ದರೂ ಎಂಜಿನ್ ಭಾರ ಎಳೆಯುತ್ತದೆ, ಸ್ವಲ್ಪ ಹೊತ್ತಿನಲ್ಲೇ ವಾರ್ನಿಶ್ ಸುಟ್ಟ ಘಾಟು ಬರುತ್ತದೆ. ಬ್ರಿಜ್‌ನ ಒಂದು ಡಯೋಡ್ ಶಾರ್ಟ್ ಆದಾಗಲೂ ಹೆಚ್ಚುಕಡಿಮೆ ಇದೇ ನರಳಾಟ. ಹಾಗಾಗಿ ಡಯೋಡ್ ತಂತಿ ಬಿಚ್ಚಿ ನೋಡದೆ ಸ್ಟೇಟರ್ ಸುಟ್ಟಿದೆ ಎನ್ನಬಾರದು. ಇವರ ಯಂತ್ರದಲ್ಲಿ ನರಳಾಟವೂ ಇಲ್ಲ, ಘಾಟೂ ಇಲ್ಲ. ನನಗೂ ಬ್ರಶ್ ಮೇಲೆಯೇ ಅನುಮಾನ.

ತದಡಿ ಬೋಟ್
ತಮ್ಮ, ನಮ್ಮ ಬೋಟಿನ ಗ್ಯಾಲೋಸ್ (ಬಲೆ ಎಳೆಯುವ ಕಬ್ಬಿಣದ ಚೌಕಟ್ಟು) ಬುಡದಲ್ಲಿ ವೆಲ್ಡಿಂಗ್ ಬಿಟ್ಟಿದೆ. ನಿನ್ನದು ಸರಿಯಾದರೆ ಇಲ್ಲಿಗೂ ಬಂದು ಹೋಗು. ಇಲ್ಲಿ ಎಲ್ಲ ವೆಲ್ಡರ್‌ಗಳೂ ಒಂದೊಂದು ಬೋಟಿಗೆ ಅಂಟಿಕೊಂಡಿದ್ದಾರೆ. ಆಗಸ್ಟ್ 1ಕ್ಕೆ ಎಲ್ಲರೂ ಇಳಿಯುವಾಗ ನಾವು ಮಾತ್ರ ದಡದಲ್ಲಿ ನಿಂತು ನೋಡಬೇಕಾದೀತು.

ಮುದಗಾ ದಕ್ಕೆ
ಸಾಕೆಟ್ಟಿನಲ್ಲಿ 4 ವೋಲ್ಟ್ ಇದೆ! ಎಂಜಿನ್ ವೇಗ ಹೆಚ್ಚಿಸಿದರೆ ಇನ್ನೂ ಸ್ವಲ್ಪ ಏರುತ್ತದೆ, ಅಷ್ಟಕ್ಕೇ ನಿಲ್ಲುತ್ತದೆ.

ಅಂಕೋಲಾ ಐಟಿಐ
ಬಹಳ ಒಳ್ಳೆಯದಾಯಿತು. ಇನ್ನು ಎಂಜಿನ್ ನಿಲ್ಲಿಸಿ, ಬ್ಯಾಟರಿ ತಂತಿ ತೆಗೆದು, ಎವಿಆರ್‌ನಿಂದ ಬ್ರಶ್‌ಗೆ ಬರುವ ಎರಡು ತಂತಿಗಳನ್ನು ಗುರುತು ಹಾಕಿ ಬಿಚ್ಚಿ. ಆ ಎರಡು ತಂತಿಗಳ ನಡುವೆ ಓಮ್ ಅಳೆಯಿರಿ. ಆಮೇಲೆ ಮೀಟರಿನ ಕಡ್ಡಿಗಳನ್ನು ನೇರವಾಗಿ ಎರಡು ಸ್ಲಿಪ್ ರಿಂಗ್‌ಗಳಿಗೇ ಒತ್ತಿ ಅಳೆಯಿರಿ. ಎರಡು ಓದುವಿಕೆಗಳ ಅಂತರವೇ ಬ್ರಶ್‌ನ ಸ್ಥಿತಿ. ರಿಂಗಿನಲ್ಲಿ ಒಳ್ಳೆಯ ಓಮ್ ಬಂದು ತಂತಿಯಲ್ಲಿ ಬಾರದಿದ್ದರೆ ಬ್ರಶ್ ಹಿಡಿದುಕೊಂಡಿದೆ. ರಿಂಗಿನಲ್ಲೇ ಬಾರದಿದ್ದರೆ ರೋಟರ್ ಕಾಯಿಲ್ ಕಡಿದಿದೆ, ಅಥವಾ ಕಾಯಿಲ್ ತುದಿಯನ್ನು ರಿಂಗಿಗೆ ಬೆಸೆದ ಜಾಗ ಬಿಟ್ಟಿದೆ. ಆ ಬೆಸುಗೆ ಬಿಟ್ಟಿದ್ದರೂ ರಿವೈಂಡಿಂಗ್ ಬೇಕಿಲ್ಲ.

ಭಟ್ಕಳ ಫ್ಯಾಬ್ರಿಕೇಶನ್
ಇಷ್ಟೆಲ್ಲ ಏಕೆ? ಡ್ರಿಲ್ ಮಷಿನನ್ನು ಸಾಕೆಟ್ಟಿಗೆ ಹಾಕಿ, ಗುಂಡಿ ಒತ್ತಿ ಹಿಡಿದು ಚಕ್ಕನ್ನು ಕೈಯಿಂದ ಹಿಂದಕ್ಕೆ ತಿರುಗಿಸಿದರೆ ಅದೇ ಒಂದಿಷ್ಟು ವೋಲ್ಟ್ ಕೊಟ್ಟು ಜನರೇಟರನ್ನು ಎಬ್ಬಿಸುತ್ತದೆ. ನಾವು ಹಾಗೆಯೇ ಮಾಡುವುದು.

ಬೈತಖೋಲ ಮೇಸ್ತ್ರಿ
ಜನರೇಟರ್ ಎದ್ದ ಕ್ಷಣವೇ ಆ ಡ್ರಿಲ್ ಕೈಯಲ್ಲೇ ತಿರುಗತೊಡಗುತ್ತದೆ. ಮಳೆಯಲ್ಲಿ ಒದ್ದೆ ಕೈಗವಸು ಹಾಕಿಕೊಂಡು ಚಕ್ ಹಿಡಿದವನ ಬೆರಳು ಏನಾಗಬೇಕು? ಚಿಕ್ಕ ಹುಡುಗರೂ ಇದನ್ನು ಓದುತ್ತಾರೆ, ಇಂಥದ್ದನ್ನು ಹೇಳಿಕೊಡಬೇಡಿ.

ಅಂಕೋಲಾ ಐಟಿಐ
ಮೇಸ್ತ್ರಿಯವರ ಮಾತಿಗೆ ನನ್ನ ಪೂರ್ತಿ ಸಮ್ಮತಿ. ಅದೂ ಅಲ್ಲದೆ 4 ವೋಲ್ಟ್ ಇರುವಾಗ ಕಾಂತತ್ವ ಹೋಗಿದೆ ಎನ್ನುವ ಪ್ರಶ್ನೆಯೇ ಇಲ್ಲ. ಬ್ರಶ್ ಸಂಪರ್ಕ ಕಡಿದಿದ್ದರೆ ಎಷ್ಟು ಡ್ರಿಲ್ ತಿರುಗಿಸಿದರೂ ರೋಟರಿಗೆ ಏನೂ ತಲುಪುವುದಿಲ್ಲ.

ಕಾಂತತ್ವ ನಿಜವಾಗಿ ಹೋದವರಿಗಾಗಿ ಸರಿಯಾದ ಕ್ರಮ ಬರೆದಿಡುತ್ತೇನೆ. ಎಂಜಿನ್ ನಿಂತಿರಬೇಕು. ಎವಿಆರ್ ತಂತಿಗಳನ್ನು ಬಿಚ್ಚಿರಲೇಬೇಕು. 12 ವೋಲ್ಟ್ ಬ್ಯಾಟರಿಯ ಪ್ಲಸ್ ತಂತಿಗೆ ವಾಹನದ ಹೆಡ್‌ಲೈಟ್ ಬಲ್ಬೊಂದನ್ನು ಸರಣಿಯಲ್ಲಿ ಸೇರಿಸಿ, ಪ್ಲಸ್ ಬ್ರಶ್‌ಗೆ ಪ್ಲಸ್, ಮೈನಸ್ ಬ್ರಶ್‌ಗೆ ಮೈನಸ್ ಕೆಲವೇ ಸೆಕೆಂಡ್ ತಾಗಿಸಿ ತೆಗೆಯಬೇಕು. ತಂತಿಗಳನ್ನು ಮೊದಲಿನಂತೆ ಜೋಡಿಸಿ ಆಮೇಲೆ ಚಾಲೂ ಮಾಡುವುದು. ಪ್ಲಸ್ ಮೈನಸ್ ಅದಲುಬದಲಾದರೆ ಉಳಿದ ಕಾಂತತ್ವದ ದಿಕ್ಕು ತಿರುಗಿ ಹೊಸ ತಲೆನೋವು ಹುಟ್ಟಬಹುದು. ಬ್ರಶ್ ಇಲ್ಲದ, ಕೆಪಾಸಿಟರ್ ಇರುವ ಚಿಕ್ಕ ಜನರೇಟರ್‌ಗಳಿಗೆ ಈ ವಿಧಾನ ಹೊಂದುವುದಿಲ್ಲ. ಅಲ್ಲಿ ಮೊದಲು ಕೆಪಾಸಿಟರನ್ನೇ ಪರೀಕ್ಷಿಸಬೇಕು, ಮುಟ್ಟುವ ಮೊದಲು ಅದರ ಚಾರ್ಜ್ ಇಳಿಸಬೇಕು.

ಮುದಗಾ ದಕ್ಕೆ
ಅಳೆದೆ. ತಂತಿಗಳ ನಡುವೆ ಏನೂ ಬರುತ್ತಿಲ್ಲ, ಮೀಟರ್ ತೆರೆದ ಸರ್ಕಿಟ್ ತೋರಿಸುತ್ತದೆ. ನೇರ ರಿಂಗಿನ ಮೇಲೆ 11 ಓಮ್. ಟಾರ್ಚ್ ಹಾಕಿ ನೋಡಿದರೆ ಒಂದು ಬ್ರಶ್ ರಿಂಗನ್ನು ಮುಟ್ಟುತ್ತಲೇ ಇಲ್ಲ! ಗೂಡಿನೊಳಗೆ ಬಿಳಿ ಮತ್ತು ಹಸಿರು ಪುಡಿ ಕಟ್ಟಿ ಬ್ರಶ್ ಅಲ್ಲಾಡದಂತೆ ಕೂತಿದೆ. ಸ್ಪ್ರಿಂಗ್ ತುಕ್ಕು ಹಿಡಿದು ಶಕ್ತಿಯೇ ಇಲ್ಲ. ರಿಂಗ್ ಕೂಡ ಕಪ್ಪಾಗಿದೆ. ಎಮರಿ ಕಾಗದದಿಂದ ಉಜ್ಜಿ ಫಳಫಳ ಮಾಡಿಬಿಡಲೇ?

ಹಳದೀಪುರ ರಿವೈಂಡಿಂಗ್
ಬೇಡ! ಎಮರಿಯ ಕಣಗಳು ಗಟ್ಟಿ. ಬ್ರಶ್‌ನ ಮೈಯಲ್ಲಿ ಹೂತುಕೊಂಡು ರಿಂಗಿನ ಮೇಲೆ ಗೀರು ಎಳೆಯುತ್ತಲೇ ಇರುತ್ತವೆ. ನಯವಾದ ಗಾಜಿನ ಕಾಗದ ತನ್ನಿ. ರೋಟರನ್ನು ಕೈಯಿಂದ ತಿರುಗಿಸುತ್ತ ಸುತ್ತಲೂ ಸಮನಾಗಿ ಉಜ್ಜಿ. ಒಂದೇ ಜಾಗದಲ್ಲಿ ಉಜ್ಜಿದರೆ ಅಲ್ಲಿ ತಗ್ಗು ಬೀಳುತ್ತದೆ. ಉಪ್ಪು, ತುಕ್ಕು, ಸುಟ್ಟ ಕಲೆ ಹೋದರೆ ಸಾಕು. ಕಂದು ಬಣ್ಣದ ತೆಳು ಪದರ ಇದ್ದರೆ ಅದನ್ನು ಮುಟ್ಟಬೇಡಿ. ಬ್ರಶ್ ನುಣ್ಣಗೆ ಜಾರುವುದು ಅದರ ಮೇಲೆಯೇ. ಫಳಫಳ ಹೊಳೆಯುವ ರಿಂಗಿನಲ್ಲಿ ಬ್ರಶ್ ಬೇಗ ಸವೆಯುತ್ತದೆ.

ಹೊಸ ಬ್ರಶ್ ಹಾಕುವಾಗ ರಿಂಗ್ ಮತ್ತು ಬ್ರಶ್ ನಡುವೆ ಗಾಜಿನ ಕಾಗದ ಇಟ್ಟು, ಉರುಟು ಮುಖ ಬ್ರಶ್ ಕಡೆಗಿರಲಿ, ರಿಂಗಿನ ಬಳುಕಿಗೆ ಸರಿಯಾಗಿ ಎಳೆದಾಡಿ ಬ್ರಶ್‌ನ ತಳವನ್ನು ಕೂರಿಸಬೇಕು. ಆ ಪುಡಿಯನ್ನು ಒಣ ಗಾಳಿಯಲ್ಲಿ ಊದಿ ಹೊರಹಾಕಬೇಕು, ಬಿಟ್ಟರೆ ಅದೇ ಶಾರ್ಟ್ ಮಾಡುತ್ತದೆ. ಸ್ಪ್ರಿಂಗ್ ಎರಡನ್ನೂ ಬದಲಿಸಿ, ಒಂದನ್ನಲ್ಲ.

ಕೋಡಿಬಾಗ
ಬ್ರಶ್ ಎಲ್ಲಿ ಸಿಗುತ್ತದೆ? ನನಗೂ ಬೇಕಿತ್ತು. ಮಡಗಾಂವ್ ಹತ್ತಿರವೋ, ಹುಬ್ಬಳ್ಳಿಯೋ?

ಶಿರಸಿ ಪಂಪ್‌ಸೆಟ್
ಹುಬ್ಬಳ್ಳಿಯಲ್ಲಿ ಎಲ್ಲವೂ ಸಿಗುತ್ತದೆ. ಶಿರಸಿಯಲ್ಲೂ ಮೋಟಾರ್ ಅಂಗಡಿಗಳಲ್ಲಿ ಕೇಳಿ.

ಕೋಡಿಬಾಗ
ಶಿರಸಿಗೆ ಬರಲು ಈ ಮಳೆಯಲ್ಲಿ ದೇವಿಮನೆ ಘಟ್ಟ ಹತ್ತಬೇಕಲ್ಲ ಮಾರಾಯರೇ! ಮಡಗಾಂವ್ ಆದರೆ ಕಾಳಿ ಸೇತುವೆ ದಾಟಿದರೆ ಆಯಿತು.

ಕುಮಟಾ ಡೀಸೆಲ್
ಆ ಸೇತುವೆಯ ಮಾತು ಎತ್ತಿದರೆ ನನಗೆ ಈಗಲೂ ಎದೆ ಝಲ್ಲೆನ್ನುತ್ತದೆ. 2024ರ ಆಗಸ್ಟ್ 7ರ ನಡುರಾತ್ರಿ ಹಳೆಯ ಸೇತುವೆ ಕುಸಿದು ಲಾರಿ ನದಿಗೆ ಬಿತ್ತು. ಚಾಲಕ ಬದುಕಿ ಬಂದದ್ದೇ ದೊಡ್ಡದು. ಅದಾದ ಮೇಲೆ ಹೊಳೆ ದಾಟುವಾಗಲೆಲ್ಲ ಕಂಬಗಳತ್ತ ಕಣ್ಣು ಹೋಗುತ್ತದೆ.

ಬೈತಖೋಲ ಮೇಸ್ತ್ರಿ
ಸೇತುವೆ ಆಮೇಲೆ. ಬ್ರಶ್ ತರಲು ಹೋಗುವವರು ಹಳೆಯ ಬ್ರಶ್ಶನ್ನೂ ಸ್ಪ್ರಿಂಗನ್ನೂ ಜೇಬಿನಲ್ಲಿ ಹಾಕಿಕೊಂಡು ಹೋಗಿ. ಅಳತೆ ಬಾಯಿಮಾತಿನಲ್ಲಿ ಹೇಳಿ ತಂದದ್ದು ಗೂಡಿಗೆ ಹೊಂದುವುದಿಲ್ಲ. ದೊಡ್ಡದನ್ನು ತಂದು ಅರದಿಂದ ಉಜ್ಜಿ ತುರುಕುವವರೂ ಇದ್ದಾರೆ. ಓರೆಯಾಗಿ ಕೂತ ಬ್ರಶ್ ಮತ್ತೆ ಗೂಡಿನಲ್ಲೇ ಹಿಡಿಯುತ್ತದೆ.

ಅಂಕೋಲಾ ಐಟಿಐ
ಮುದಗಾದವರೇ, ಬ್ರಶ್ ಹಾಕಿ ಚಾಲೂ ಮಾಡುವ ಮೊದಲು ಇನ್ಸುಲೇಶನ್ ನೋಡಲೇಬೇಕು. ಬ್ರಶ್ ಗೂಡಿನಲ್ಲೇ ಅಷ್ಟು ಉಪ್ಪು ಇದ್ದರೆ ಕಾಯಿಲಿನ ಮೇಲೂ ಇದೆ. ಉಪ್ಪು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ, ಮಳೆಗಾಲದಲ್ಲಿ ಕಾಯಿಲಿನ ಮೇಲೆ ಕರೆಂಟ್ ಜಾರುವ ದಾರಿಯಾಗುತ್ತದೆ. 500 ವೋಲ್ಟಿನ ಮೆಗ್ಗರಿನಿಂದ (ಇನ್ಸುಲೇಶನ್ ಅಳೆಯುವ ಮೀಟರ್) ರೋಟರ್ ಕಾಯಿಲಿಗೂ ಯಂತ್ರದ ಲೋಹದ ಮೈಗೂ ನಡುವೆ, ಹಾಗೆಯೇ ಸ್ಟೇಟರ್ ಕಾಯಿಲಿಗೂ ಮೈಗೂ ನಡುವೆ ನೋಡಿ. 1 ಮೆಗಓಮ್‌ಗಿಂತ ಕೆಳಗಿದ್ದರೆ ಚಾಲೂ ಮಾಡಬೇಡಿ. ಮೆಗ್ಗರ್ ಹಾಕುವ ಮೊದಲು ಎವಿಆರ್ ಮತ್ತು ಡಯೋಡ್‌ಗಳ ತಂತಿ ಬಿಚ್ಚಿರಬೇಕು. ಇಲ್ಲದಿದ್ದರೆ ಪರೀಕ್ಷೆಯೇ ಅವುಗಳನ್ನು ಕೊಲ್ಲುತ್ತದೆ.

ಹೊನ್ನಾವರ ಕಾಸರಕೋಡ
ಕಡಿಮೆ ಬಂದರೆ ಸಿಹಿನೀರಿನಿಂದ ತೊಳೆಯಬೇಕು ಎಂದು ಯಾರೋ ಹೇಳಿದ್ದರು. ಕರೆಂಟಿನ ಕಾಯಿಲಿಗೆ ನೀರು ಹಾಕುವುದೇ? ನನಗೆ ನಂಬಿಕೆಯಿಲ್ಲ.

ಹಳದೀಪುರ ರಿವೈಂಡಿಂಗ್
ನಂಬಿ. ಉಪ್ಪು ಡೀಸೆಲ್ಲಿಗೂ ಪೆಟ್ರೋಲಿಗೂ ಕರಗುವುದಿಲ್ಲ, ನೀರಿಗೆ ಮಾತ್ರ ಕರಗುತ್ತದೆ. ಉಪ್ಪಿದ್ದ ಕಾಯಿಲನ್ನು ಹಾಗೆಯೇ ಒಣಗಿಸಿದರೆ ಇವತ್ತು ಮೆಗ್ಗರ್ ಚೆನ್ನಾಗಿ ತೋರಿಸಿ, ಮುಂದಿನ ಮಳೆಗೆ ಮತ್ತೆ ಇಳಿಯುತ್ತದೆ. ಎವಿಆರ್, ಡಯೋಡ್, ಬೇರಿಂಗ್ ಇವುಗಳಿಂದ ಬೇರೆ ಮಾಡಿ ಕಾಯಿಲನ್ನು ಮಾತ್ರ ಶುದ್ಧ ಸಿಹಿನೀರಿನಲ್ಲಿ, ಒತ್ತಡವಿಲ್ಲದೆ ತೊಳೆಯಬೇಕು. ಆಮೇಲೆ ಬಲ್ಬಿನ ಶಾಖದಲ್ಲಿ ನಿಧಾನವಾಗಿ ಒಣಗಿಸಿ, ಮೆಗ್ಗರ್ ಓದುವಿಕೆ ಏರಿ ಒಂದೇ ಕಡೆ ನಿಂತ ಮೇಲೆ ವಾರ್ನಿಶ್ ಕೊಡಬೇಕು. ಮನೆಯಲ್ಲಿ ಮಾಡುವ ಕೆಲಸವಲ್ಲ, ನಮ್ಮಂಥವರ ಓವನ್ ಬೇಕು. ರಿವೈಂಡಿಂಗಿನ ಖರ್ಚಿಗೆ ಹೋಲಿಸಿದರೆ ಇದು ಎಷ್ಟೋ ಕಡಿಮೆ. ಗಿರಾಕಿಗೆ ಇದನ್ನು ಮೊದಲು ಹೇಳುವುದು ನಮ್ಮ ಕರ್ತವ್ಯ.

ಮುದಗಾ ದಕ್ಕೆ
ಪಕ್ಕದ ಎಲೆಕ್ಟ್ರಿಷಿಯನ್ ಅಣ್ಣ ಮೆಗ್ಗರ್ ತಂದು ನೋಡಿದರು. ಸ್ಟೇಟರ್ 8 ಮೆಗಓಮ್, ರೋಟರ್ 3. ತೊಳೆಯುವ ಅಗತ್ಯ ಬೀಳಲಿಲ್ಲ. ಹೊಸ ಬ್ರಶ್, ಹೊಸ ಸ್ಪ್ರಿಂಗ್ ಹಾಕಿದೆ. ಸಾಕೆಟ್ಟಿನಲ್ಲಿ 230, ವೆಲ್ಡಿಂಗ್ ಕಡೆ ಲೋಡ್ ಇಲ್ಲದೆ 72 ವೋಲ್ಟ್! ಎಲ್ಲರಿಗೂ ಕೈ ಮುಗಿಯುತ್ತೇನೆ.

ಆದರೆ ಒಂದು ತಕರಾರು ಉಳಿದಿದೆ. 3.15 ಮಿಲಿಮೀಟರಿನ ರಾಡ್ ಹಾಕಿದರೆ ಆರಂಭದಲ್ಲಿ ಚೆನ್ನಾಗಿ ಉರಿಯುತ್ತದೆ, ಅರ್ಧ ರಾಡ್ ಆಗುವಷ್ಟರಲ್ಲಿ ಎಂಜಿನ್ ಸೊರಗಿ ಆರ್ಕ್ ಸಾಯುತ್ತದೆ. ಎತ್ತಿದರೆ ಎಂಜಿನ್ ಮತ್ತೆ ಚೇತರಿಸಿಕೊಳ್ಳುತ್ತದೆ.

ಭಟ್ಕಳ ಫ್ಯಾಬ್ರಿಕೇಶನ್
ಗವರ್ನರ್ (ಎಂಜಿನ್ ವೇಗವನ್ನು ಹಿಡಿದಿಡುವ ಭಾಗ). ಸ್ಕ್ರೂ ಒಂದು ಸುತ್ತು ಏರಿಸಿ.

ಶಿರಸಿ ಪಂಪ್‌ಸೆಟ್
ಏರಿಸಬೇಡಿ ಭಾವ! ಗವರ್ನರ್ ಸ್ಕ್ರೂ ತಿರುಗಿಸಿದರೆ ಲೋಡ್ ಇಲ್ಲದಾಗ ವೇಗ ಮಿತಿ ಮೀರುತ್ತದೆ, ಸಾಕೆಟ್ಟಿನ ವೋಲ್ಟೂ ಹರ್ಟ್ಸೂ ಏರಿ ಗ್ರೈಂಡರ್ ಹಾಳಾಗುತ್ತದೆ. ಮೊದಲು ಮೀಟರಿನಲ್ಲಿ ಹರ್ಟ್ಸ್ ನೋಡಿ. ನಾಲ್ಕು ಧ್ರುವದ ಯಂತ್ರ 1500ಕ್ಕೆ 50 ಹರ್ಟ್ಸ್ ಕೊಡುತ್ತದೆ. ಲೋಡ್ ಇಲ್ಲದಾಗ 51ರಿಂದ 52 ಇದ್ದು, ವೆಲ್ಡಿಂಗ್ ಹತ್ತಿದಾಗ 50ರ ಆಸುಪಾಸು ನಿಂತರೆ ಗವರ್ನರ್ ಆರೋಗ್ಯವಾಗಿದೆ. ಬೇರೆ ಟ್ಯಾಕೋಮೀಟರ್ ಬೇಕಾಗಿಲ್ಲ.

ಮುದಗಾ ದಕ್ಕೆ
ಲೋಡ್ ಇಲ್ಲದೆ 52. ವೆಲ್ಡಿಂಗ್ ಶುರುವಿನಲ್ಲಿ 50, ಆಮೇಲೆ ಇಳಿಯುತ್ತ 44ಕ್ಕೆ ಬರುತ್ತದೆ. ಕಪ್ಪು ಹೊಗೆ ಇಲ್ಲ.

ಶಿರಸಿ ಪಂಪ್‌ಸೆಟ್
44 ಎಂದರೆ 1320 ಆರ್‌ಪಿಎಂ. ಕಪ್ಪು ಹೊಗೆ ಇಲ್ಲದಿರುವುದು ದೊಡ್ಡ ಸಾಕ್ಷಿ. ಲೋಡ್ ಹೆಚ್ಚಾಗಿದ್ದರೆ ಅಥವಾ ಏರ್ ಫಿಲ್ಟರ್ ಕಟ್ಟಿದ್ದರೆ ಕಪ್ಪು ಹೊಗೆ ಬಂದೇ ಬರುತ್ತಿತ್ತು. ಎಂಜಿನ್ ಹೊಗೆಯಿಲ್ಲದೆ ಸೊರಗುತ್ತದೆ ಎಂದರೆ ಡೀಸೆಲ್ ಸಾಲುತ್ತಿಲ್ಲ. ಶುರುವಿನಲ್ಲಿ ಸರಿಯಿದ್ದು ನಿಧಾನವಾಗಿ ಇಳಿಯುವುದು ಫಿಲ್ಟರ್ ಕಟ್ಟಿದ ಅಥವಾ ಪೈಪು ಗಾಳಿ ಎಳೆಯುವ ಲಕ್ಷಣ.

ಟ್ಯಾಂಕಿನ ಕೆಳಗಿನ ಬೋಲ್ಟ್ ಬಿಚ್ಚಿ ಮೊದಲ ಒಂದು ಲೋಟವನ್ನು ಗಾಜಿನ ಬಾಟಲಿಗೆ ಹಿಡಿದು ನಿಲ್ಲಿಸಿ. ಅರ್ಧ ಖಾಲಿ ಟ್ಯಾಂಕು ತಿಂಗಳುಗಟ್ಟಲೆ ನಿಂತರೆ ಒಳಗಿನ ಗಾಳಿಯ ತೇವ ಹನಿಯಾಗಿ ತಳ ಸೇರುತ್ತದೆ. ನೀರು ಬಾಟಲಿಯ ತಳದಲ್ಲಿ ಬೇರೆಯಾಗಿ ಕಾಣುತ್ತದೆ. ನೀರಿಗೂ ಡೀಸೆಲ್ಲಿಗೂ ನಡುವೆ ಕಂದು ಲೋಳೆ ಇದ್ದರೆ ಸೂಕ್ಷ್ಮಜೀವಿ ಬೆಳೆದಿದೆ, ಫಿಲ್ಟರನ್ನು ಮುಚ್ಚುವುದು ಅದೇ.

ಇದರಿಂದಲೂ ಆಗದಿದ್ದರೆ ಒಂದು ಚಿಕ್ಕ ಕ್ಯಾನಿನಲ್ಲಿ ಶುದ್ಧ ಡೀಸೆಲ್ ಹಾಕಿ, ಎತ್ತರದಲ್ಲಿಟ್ಟು, ಪಾರದರ್ಶಕ ಪೈಪಿನಿಂದ ನೇರ ಫಿಲ್ಟರಿಗೆ ಕೊಟ್ಟು ಓಡಿಸಿ. ಆಗ ಸರಿಯಾಗಿ ಓಡಿದರೆ ದೋಷ ಟ್ಯಾಂಕ್ ಮತ್ತು ಹಳೆಯ ಪೈಪಿನಲ್ಲಿದೆ. ಹೀರುವ ಕಡೆಯ ಪೈಪಿನಲ್ಲಿ ಸಣ್ಣ ಬಿರುಕಿದ್ದರೆ ಹೊರಗೆ ಡೀಸೆಲ್ ಸೋರದೆ ಒಳಗೆ ಗಾಳಿ ಮಾತ್ರ ಹೋಗುತ್ತಿರಬಹುದು, ಕಣ್ಣಿಗೆ ಏನೂ ಕಾಣುವುದಿಲ್ಲ.

ಕುಮಟಾ ಡೀಸೆಲ್
ಭಾವ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ಫಿಲ್ಟರ್ ಬದಲಿಸಿದ ಮೇಲೆ ಗಾಳಿ ತೆಗೆಯದೆ ಸ್ಟಾರ್ಟರ್ ಮೇಲೆ ಸ್ಟಾರ್ಟರ್ ಹೊಡೆಯಬೇಡಿ. ಫಿಲ್ಟರಿನ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಕೈಪಂಪು ಒತ್ತುತ್ತ ಗುಳ್ಳೆ ನಿಂತು ಬರೀ ಡೀಸೆಲ್ ಬರುವವರೆಗೆ ಬಿಡಿ, ನಂತರ ಬಿಗಿ ಮಾಡಿ. ನಾಝಲ್ ಪೈಪ್ ಸಡಿಲಿಸುವವರು ಅಲ್ಲಿ ಕೈ ಒಡ್ಡಬೇಡಿ. ಆ ಒತ್ತಡದ ಡೀಸೆಲ್ ಚರ್ಮದ ಒಳಗೇ ಹೋಗುತ್ತದೆ.

ತದಡಿ ಬೋಟ್
ಇಷ್ಟು ವಿವರ ಓದಿ ನಾನೂ ನಮ್ಮ ಬೋಟಿನ ಡೀಸೆಲ್ ಟ್ಯಾಂಕಿನ ತಳ ಬಿಡಿಸಿ ನೋಡಿಸಿದೆ. ನೀರು ಇತ್ತು! ಸಮುದ್ರಕ್ಕೆ ಹೋದ ಮೇಲೆ ಎಂಜಿನ್ ನಿಂತಿದ್ದರೆ ಗತಿ ಏನಾಗುತ್ತಿತ್ತು?

ಮುದಗಾ ದಕ್ಕೆ
ಬಾಟಲಿಯಲ್ಲಿ ನೀರೂ ಇತ್ತು, ಲೋಳೆಯೂ ಇತ್ತು. ಟ್ಯಾಂಕ್ ತೊಳೆದು ಫಿಲ್ಟರ್ ಬದಲಿಸಿ ಗಾಳಿ ತೆಗೆದೆ. ಈಗ ಪೂರ್ತಿ ರಾಡ್ ಮುಗಿದರೂ 50 ಹರ್ಟ್ಸ್ ಕದಲುವುದಿಲ್ಲ. ಆದರೆ ಬೋಟಿನ ಮೇಲೆ ಉದ್ದ ಕೇಬಲ್ ಎಳೆದು ಮಾಡುವಾಗ ಆರ್ಕ್ ತೆಳ್ಳಗಾಗುತ್ತದೆ, ಬೆಸುಗೆಯಲ್ಲಿ ತೂತುಗಳೂ ಬರುತ್ತಿವೆ. ಯಂತ್ರದ ಪಕ್ಕದಲ್ಲೇ ಮಾಡಿದರೆ ಆರ್ಕ್ ಚೆನ್ನಾಗಿದೆ.

ಬೈತಖೋಲ ಮೇಸ್ತ್ರಿ
ಅದು ಯಂತ್ರದ ದೋಷವಲ್ಲ. ಎರಡು ಬೇರೆ ಬೇರೆ ವಿಷಯಗಳು.

ಆರ್ಕ್ ತೆಳುವಾಗುವುದು ಕೇಬಲ್ ಮತ್ತು ಅರ್ತ್ ಕ್ಲಾಂಪಿನಿಂದ. 25 ಚದರ ಮಿಲಿಮೀಟರಿನ ತಾಮ್ರದ ಕೇಬಲ್ ಹೋಗಿಬರುವುದು ಸೇರಿ 60 ಮೀಟರ್ ಇದ್ದರೆ, 120 ಆಂಪ್ಸ್‌ಗೆ ಸುಮಾರು 5 ವೋಲ್ಟ್ ದಾರಿಯಲ್ಲೇ ಹೋಗುತ್ತದೆ. ಆರ್ಕ್ ಉರಿಯುವುದೇ 20-25 ವೋಲ್ಟಿನಲ್ಲಿ. ಅದರ ಮೇಲೆ ಕ್ಲಾಂಪನ್ನು ಬಣ್ಣದ ಮೇಲೋ ತುಕ್ಕಿನ ಮೇಲೋ ಕಚ್ಚಿಸಿದರೆ ಇನ್ನಷ್ಟು ನಷ್ಟ. ವೆಲ್ಡಿಂಗ್ ನಡೆಯುವಾಗಲೇ ಒಬ್ಬರು ಮೀಟರನ್ನು ಕ್ಲಾಂಪಿಗೂ ಪ್ಲೇಟಿಗೂ ಇಟ್ಟು ನೋಡಲಿ, ಅಲ್ಲಿ ವೋಲ್ಟ್ ಕಂಡರೆ ಕ್ಲಾಂಪ್ ಕೆಟ್ಟಿದೆ. ಕೆಲಸ ಮುಗಿದ ಮೇಲೆ ಲಗ್‌ಗಳನ್ನು ಮುಟ್ಟಿ ನೋಡಿ, ಬಿಸಿಯಾದ ಲಗ್ಗೇ ಕಳ್ಳ. ಕೇಬಲಿನ ತುದಿಯಲ್ಲಿ ರಬ್ಬರ್ ಸುಲಿದಾಗ ತಾಮ್ರ ಹಸಿರಾಗಿದ್ದರೆ ಹೊಳೆಯುವ ತಾಮ್ರ ಸಿಗುವವರೆಗೆ ಕತ್ತರಿಸಿ ಹೊಸ ಲಗ್ ಹಾಕಬೇಕು.

ತೂತು ಬರುವುದು ರಾಡಿನ ತೇವದಿಂದ. ಈ ಮಳೆಯಲ್ಲಿ ತೆರೆದಿಟ್ಟ ಪ್ಯಾಕೆಟ್ ಉಪಯೋಗಕ್ಕಿಲ್ಲ. 7018 ಜಾತಿಯ ರಾಡ್ ಆದರೆ 300ರಿಂದ 350 ಡಿಗ್ರಿಯಲ್ಲಿ ಓವನ್‌ನಲ್ಲಿ ಒಣಗಿಸಬೇಕು, ಬಿಸಿಲಿಗೆ ಹಾಕಿದರೆ ಸಾಲದು. 6013ಕ್ಕೆ ಅಷ್ಟು ಶಾಖ ಬೇಡ, ಕೊಟ್ಟರೆ ಅದು ಕೆಡುತ್ತದೆ.

ಇನ್ನು ಬೋಟಿನ ಮೇಲೆ ಕ್ಲಾಂಪನ್ನು ಬೆಸೆಯುವ ಜಾಗದ ಪಕ್ಕದಲ್ಲೇ ಹಾಕು ತಮ್ಮ. ದೂರ ಹಾಕಿದರೆ ಕರೆಂಟ್ ಬೇರಿಂಗ್, ಶಾಫ್ಟ್, ವೈರಿಂಗ್ ಎಲ್ಲವನ್ನೂ ಹುಡುಕಿಕೊಂಡು ಹರಿಯುತ್ತದೆ. ಬೋಟಿನ ಬ್ಯಾಟರಿ, ಆಲ್ಟರ್ನೇಟರ್ ತಂತಿ ಬಿಚ್ಚಿಸು. ಒದ್ದೆ ಕಬ್ಬಿಣದ ಮೇಲೆ ಮೊಣಕಾಲೂರಿ ರಾಡ್ ಬದಲಿಸಬೇಡ, 72 ವೋಲ್ಟ್ ಡಿಸಿ ಒದ್ದೆ ಮೈಗೆ ಸಣ್ಣದಲ್ಲ. ಒಣ ಹಲಗೆ ಹಾಸಿಕೋ. ಮಳೆ ಎಂದು ಜನರೇಟರನ್ನು ಮುಚ್ಚಿದ ಷೆಡ್ಡಿನೊಳಗೆ ಓಡಿಸಬೇಡ, ಹೊಗೆಯಲ್ಲಿರುವ ಕಾರ್ಬನ್ ಮೋನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ.

ಹೊನ್ನಾವರ ಕಾಸರಕೋಡ
ನನ್ನದು ಉಲ್ಟಾ ಸಮಸ್ಯೆ. ಸಾಕೆಟ್ ಸರಿ, ವೆಲ್ಡಿಂಗ್ ವೋಲ್ಟ್ ಕಡಿಮೆ, ಆರ್ಕ್ ಬುರುಬುರು ಎನ್ನುತ್ತದೆ.

ಅಂಕೋಲಾ ಐಟಿಐ
ಬ್ರಿಜ್‌ನಲ್ಲಿ ಒಂದು ಡಯೋಡ್ ಒಳಗೇ ಕಡಿದಿರಬಹುದು. ಎಂಜಿನ್ ನಿಲ್ಲಿಸಿ, ಪ್ರತಿಯೊಂದರ ಒಂದು ಕಡೆಯ ತಂತಿ ಬಿಚ್ಚಿ, ಮೀಟರಿನ ಡಯೋಡ್ ರೇಂಜಿನಲ್ಲಿ ನೋಡಿ. ಒಂದು ದಿಕ್ಕಿನಲ್ಲಿ 0.4ರಿಂದ 0.7, ಇನ್ನೊಂದು ದಿಕ್ಕಿನಲ್ಲಿ ಏನೂ ಇಲ್ಲ, ಹೀಗಿದ್ದರೆ ಒಳ್ಳೆಯದು. ಹಂತ ಬದಲಿಸುವ ಸ್ವಿಚ್ಚಿನ ತಾಮ್ರವೂ ಸುಟ್ಟಿರಬಹುದು, ಅದನ್ನೂ ನೋಡಿ. ವೆಲ್ಡಿಂಗ್ ನಡೆಯುವಾಗಲೇ ಆ ಸ್ವಿಚ್ ತಿರುಗಿಸುವ ಅಭ್ಯಾಸ ಯಾರಿಗಾದರೂ ಇದ್ದರೆ ಇಂದೇ ಬಿಡಲಿ.

ತದಡಿ ಬೋಟ್
ತಮ್ಮ, ಗುರುವಾರ ಬರುತ್ತೀಯಾ? ಊಟ ನಮ್ಮಲ್ಲೇ. ಕರೆಂಟ್ ಹೋದಾಗ ನಿನ್ನ ಜನರೇಟರಿನ ಸಾಕೆಟ್ಟಿಗೆ ನಮ್ಮ ಟಿವಿ ಹಾಕಬಹುದೇ?

ಮುದಗಾ ದಕ್ಕೆ
ಗುರುವಾರ ಬೆಳಿಗ್ಗೆಯೇ ಬರುತ್ತೇನೆ ಅಕ್ಕ. ಟಿವಿ ಮಾತ್ರ ಬೇಡ, ರಾಡ್ ತಾಗಿಸಿದಾಗಲೆಲ್ಲ ಸಾಕೆಟ್ಟಿನ ವೋಲ್ಟ್ ಏರಿಳಿಯುತ್ತದೆ. ಗ್ರೈಂಡರ್ ಮತ್ತು ಬಲ್ಬಿಗೆ ಸರಿ. ಬೋಟಿನ ಬ್ಯಾಟರಿ ತಂತಿಗಳನ್ನು ಬುಧವಾರವೇ ಬಿಚ್ಚಿಸಿಡಿ, ಗ್ಯಾಲೋಸ್ ಬುಡದ ಬಣ್ಣವನ್ನೂ ಕೆರೆಸಿಡಿ.